ಮೈಗೆ ಆಗಿಬರದ್ದು

ಚರ್ಮದ ಓಪಿಗೆ ಪೋಸ್ಟಿಂಗ್ ಆಯಿತೆಂದು ಅಳುವ ಹೊಸ ನರ್ಸುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನೂ ಅತ್ತವಳೇ. ಥಿಯೇಟರ್, ಲೇಬರ್ ವಾರ್ಡ್ ಸಿಕ್ಕಿದವರಿಗೆ ಊಟದ ಹೊತ್ತಿನಲ್ಲಿ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ನಮ್ಮದೇನು? ಕಜ್ಜಿ, ಹುಳುಕಡ್ಡಿ, ಇಸುಬು. ನಮ್ಮ ಓಪಿಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಹಾಗಾಗಿ ವಾಸಿಯಾದಾಗ ಯಾರೂ ಕೈಮುಗಿಯುತ್ತಲೂ ಇರಲಿಲ್ಲ.

ಆದರೆ ಚರ್ಮದ ಕಾರಣಕ್ಕೆ ಬದುಕು ನಿಂತುಹೋಗುವುದುಂಟು. ಕೊಣನೂರಿನ ಪಾರ್ವತಿ ಎಂಬ ಹುಡುಗಿಯ ಮದುವೆ ಅವಳ ಪಾದಗಳ ಮೇಲಿನ ಬಿಳಿ ಗುರುತಿನಿಂದ ಮುರಿದು ಬೀಳುವುದರಲ್ಲಿತ್ತು. ನನ್ನ ಸರ್ವಿಸ್ಸಿನಲ್ಲಿ ನಾನು ಕಲಿತದ್ದೆಲ್ಲ ಖರ್ಚಾದದ್ದು ಆ ಒಂದು ಕೇಸಿಗೆ. ಅದನ್ನು ಹೇಳುವ ಮುಂಚೆ ನಾವು ಹೇಗೆ ಕೆಲಸ ಮಾಡುತ್ತಿದ್ದೆವು ಎನ್ನುವುದನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಈಗಿನ ಮಕ್ಕಳಿಗೆ ಅರ್ಥವಾಗುವುದಿಲ್ಲ.

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ನನ್‌ಗಳು ಕ್ಲೀನ್‌ಲಿನೆಸ್ ಎಂಬ ಪದವನ್ನು ಪ್ರಾರ್ಥನೆಯ ದನಿಯಲ್ಲಿ ಹೇಳುತ್ತಿದ್ದರು. ಕಾರ್ಬಾಲಿಕ್ ಸೋಪು ಹಾಕಿ ಮೊಣಕೈ ಕೆಂಪಾಗುವ ತನಕ ಉಜ್ಜಬೇಕು. ಐವತ್ತರ ದಶಕದ ಕೊನೆಯಲ್ಲಿ ಹಾಸನದಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಗೊತ್ತಿದ್ದುದೂ ಅಷ್ಟೇ: ತೊಳೆ, ಉಜ್ಜು, ಮತ್ತೆ ತೊಳೆ. ಆ ಹ್ಯಾಬಿಟ್ ಬಿಡಿಸಿದವರು ನಮ್ಮ ಚರ್ಮದ ಡಾಕ್ಟರ್ ಭುಜಂಗರಾಯರು. ತೆಳ್ಳಗೆ, ಉದ್ದಕ್ಕೆ ಇದ್ದರು. ಕೋಪ ಬಂದರೆ ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುವವರು. ಮೊದಲ ವಾರ ನಾನು ಒಂದು ಮಗುವಿನ ಇಸುಬನ್ನು ಸೋಪು ಹಾಕಿ ತಿಕ್ಕುತ್ತಿದ್ದಾಗ ಹಿಂದೆ ಬಂದು ನಿಂತು, "ಸಿಸ್ಟರ್, ಅದು ಪಾತ್ರೆ ಅಲ್ಲ," ಎಂದರು. ಅಷ್ಟೇ.

ನಮ್ಮದು ಓಡಾಡುವ ಕ್ಲಿನಿಕ್. ಮಂಗಳವಾರ ಅರಕಲಗೂಡು, ಗುರುವಾರ ಹೊಳೆನರಸೀಪುರ, ಶನಿವಾರ ಚನ್ನರಾಯಪಟ್ಟಣ. ಉಳಿದ ದಿನ ಹಾಸನ. ಒಂದು ಹಳೆಯ ವ್ಯಾನು, ಡಾಕ್ಟರು, ನಾನು, ಡ್ರೈವರ್, ಮತ್ತು ಮುಲಾಮಿನ ಡಬ್ಬಗಳು. ಟ್ಯೂಬುಗಳು ಆಗ ಅಪರೂಪ. ಜಿಂಕ್ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಗಾಜಿನ ಹಲಗೆಯ ಮೇಲೆ ಚಪ್ಪಟೆ ಚಾಕುವಿನಿಂದ ತಿಕ್ಕಿ ತಿಕ್ಕಿ ನುಣ್ಣಗೆ ಮಾಡುವುದು ನನ್ನ ಬೆಳಗಿನ ಕೆಲಸ. ಗಂಟು ಉಳಿದರೆ ಡಾಕ್ಟರು ಬೆರಳಲ್ಲಿ ಮುಟ್ಟಿ ನೋಡಿ ಡಬ್ಬ ವಾಪಸು ಕೊಡುತ್ತಿದ್ದರು. ಒಸರುವ ಗಾಯಕ್ಕೆ ಪರ್ಮಾಂಗನೇಟ್ ಹರಳು ಕರಗಿಸಿದ ನೀರು. ನೋಡಲು ನೇರಳೆ; ಕೈಗೆ ಹತ್ತಿದರೆ ಕಂದು. ವರ್ಷಗಟ್ಟಲೆ ನನ್ನ ಉಗುರುಗಳು ಆ ಬಣ್ಣದಲ್ಲೇ ಇದ್ದವು.

ಭುಜಂಗರಾಯರ ವಿಧಾನ ಬೇರೆಯದು. ಏನನ್ನು ಹಚ್ಚಬೇಕು ಎನ್ನುವುದಕ್ಕಿಂತ ಏನನ್ನು ಬಿಡಿಸಬೇಕು ಎಂದು ಮೊದಲು ನೋಡುತ್ತಿದ್ದರು. ರೋಗಿಯನ್ನು ಕೂರಿಸಿ, "ಬೆಳಗ್ಗೆ ಕಣ್ಣು ಬಿಟ್ಟಾಗಿನಿಂದ ಹೇಳಿ," ಎನ್ನುತ್ತಿದ್ದರು. ಹಲ್ಲು ಯಾವುದರಲ್ಲಿ ಉಜ್ಜುತ್ತೀರಿ, ನೀರು ಎಷ್ಟು ಬಿಸಿ, ಮೈ ಉಜ್ಜುವುದು ಕಲ್ಲಿನಲ್ಲೋ ನಾರಿನಲ್ಲೋ, ಬಟ್ಟೆ ಒಗೆಯುವವರು ಯಾರು. ಚನ್ನರಾಯಪಟ್ಟಣದಲ್ಲಿ ಒಬ್ಬ ಗುಮಾಸ್ತರ ಕತ್ತಿನ ಹಿಂದೆ ಪ್ರತಿ ವಾರವೂ ಗುಳ್ಳೆ ಏಳುತ್ತಿತ್ತು. ನಾಗದೋಷವೆಂದು ಹರಕೆಯನ್ನೂ ಹೊತ್ತಿದ್ದರು. ಡಾಕ್ಟರು ಎದ್ದು ಹೋಗಿ ಅವರ ಷರ್ಟಿನ ಕಾಲರು ಮಡಚಿದರು. ಅಗಸರು ಗುರುತಿಗೆ ಹಾಕಿದ, ಕರಿಗೇರು ಕಾಯಿಯ ಸುಡುವ ರಸದ ಕಪ್ಪು ಚುಕ್ಕೆ, ನೆಟ್ಟಗೆ ಗುಳ್ಳೆಯ ಮೇಲೆಯೇ.

"ನಾಗಪ್ಪ ಇಲ್ಲಿದ್ದಾನೆ ನೋಡಿ," ಎಂದರು ಡಾಕ್ಟರು.

ಗುಮಾಸ್ತರು ಕಾಲರನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಹರಕೆ ಒಪ್ಪಿಸೋದೋ ಬೇಡ್ವೋ ಸಾರ್?" ಎಂದು ಕೇಳಿದರು.

"ಒಪ್ಪಿಸಿ. ಗುರುತು ಮಾತ್ರ ಅಂಗಿಯ ಕೆಳಗಿನ ಅಂಚಿಗೆ ಹಾಕಿಸಿ."

ಅಂಥ ಡಾಕ್ಟರಿಗೂ ಒಮ್ಮೆ ಪೆಟ್ಟು ಬಿದ್ದಿತು. ಅರಕಲಗೂಡಿನಲ್ಲಿ ಒಬ್ಬ ಹೆಂಗಸಿಗೆ ಹಣೆಯ ಮೇಲೆ, ಮಣಿಕಟ್ಟಿನ ಸುತ್ತ ಕಡಿತ. ಬಣ್ಣ ಬೆರೆಸಿದ ಅಂಗಡಿ ಕುಂಕುಮ, ಹೊಸದಾಗಿ ಬಂದ ರಬ್ಬರ್ ಬಳೆ. "ಹಣೆಗೆ ಏನೂ ಬೇಡ, ಕೈಗೆ ಏನೂ ಬೇಡ," ಎಂದು ಡಾಕ್ಟರು ಹೇಳಿ ಕಳಿಸಿದರು. ಮುಂದಿನ ಮಂಗಳವಾರ ಅವಳ ಗಂಡ ಬಂದು ಬಾಗಿಲಿಗೆ ಅಡ್ಡ ನಿಂತ.

"ಏನ್ ಸಾ ನೀವು. ನಾನಿನ್ನೂ ಬದುಕಿವ್ನಿ ಕಣ್ ಸಾ. ಇವ್ಳ ಬೋಳು ಅಣೆ ನೋಡಿ ನಮ್ಮತ್ತೆ ಊರಿಂದ ಜನ ಮಾತಾಡ್ಸಕ್ಕೆ ಬತ್ತಾವ್ರೆ. ನಾನೇ ಬಾಗ್ಲು ತಗುದ್ರೆ ಎದುರ್ಕತಾವ್ರೆ."

ಡಾಕ್ಟರು ನಗಲಿಲ್ಲ. "ತಪ್ಪು ನಂದೇ ಕಣಪ್ಪ, ಕೂತ್ಕೊ," ಎಂದರು. ಆಮೇಲೆ ಸಬ್ಬಕ್ಕಿಯನ್ನು ಕಪ್ಪಾಗಿ ಹುರಿದು ಮಾಡುವ ಸಾದು, ಮಕ್ಕಳ ಹಣೆಗೆ ಇಡುತ್ತೇವಲ್ಲ ಅದು, ಅದನ್ನು ಹಣೆಗೆ ಹೇಳಿದರು. ಕೈಗೆ ಗಾಜಿನ ಬಳೆ. ಅವತ್ತಿನಿಂದ ನಮ್ಮಲ್ಲಿ ಒಂದು ರೂಲ್ ಆಯಿತು. ಯಾರಿಂದಲಾದರೂ ಒಂದನ್ನು ಬಿಡಿಸಿದರೆ, ಅದರ ಜಾಗಕ್ಕೆ ಇನ್ನೊಂದನ್ನು ಕೊಟ್ಟೇ ಕಳಿಸಬೇಕು. ಇದನ್ನು ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ನಾನು ನೋಡಿಲ್ಲ. ಹೊಸಬರು ಬರೆದಿಟ್ಟುಕೊಂಡರೆ ಒಳ್ಳೆಯದು.

ಪಾರ್ವತಿ ಬಂದದ್ದು ಅರವತ್ತರ ದಶಕದ ನಡುವೆ, ಒಂದು ಶಿವರಾತ್ರಿ ಕಳೆದ ಮೇಲಿನ ಮಂಗಳವಾರ, ಅರಕಲಗೂಡಿಗೆ. ಜೊತೆಗೆ ಅವಳ ತಾಯಿ ಗೌರಮ್ಮ. ಕೊಣನೂರಿನಲ್ಲಿ ಅಕ್ಕಿ ವ್ಯಾಪಾರದ ಮನೆ, ಶಿವಭಕ್ತರು. ತಾಯಿ ಮಗಳಿಬ್ಬರ ಹಣೆಯ ಮೇಲೂ ವಿಭೂತಿ. ಹುಡುಗಿ ಮುಖಕ್ಕೆ ಸೆರಗು ಹಿಡಿದಿದ್ದಳು. ಸರಿಸಿದಾಗ ಎರಡು ಕೆನ್ನೆಯೂ ಕೆಂಪಾಗಿ, ಹೊಟ್ಟು ಏಳುತ್ತಿತ್ತು.

"ಬೆಂಕಿ ಬಡ್ದಂಗಾಗದೆ ನೋಡಿ ಸಿಸ್ಟರಮ್ಮ," ಎಂದರು ಗೌರಮ್ಮ. "ವೈಶಾಕದಲ್ಲಿ ಮದ್ವೆ."

ಡಾಕ್ಟರು ಎಂದಿನಂತೆ ಕಣ್ಣು ಬಿಟ್ಟಾಗಿನಿಂದ ಹೇಳಿಸಿದರು. ಹುಡುಗಿ ಮಿಡ್ಲ್ ಸ್ಕೂಲ್ ಮುಗಿಸಿದವಳು, ಸ್ಪಷ್ಟವಾಗಿ ಹೇಳಿದಳು. ಬೆಳಗ್ಗೆ ವಾಸನೆ ಸೋಪು, ಮಧ್ಯಾಹ್ನ ಮತ್ತೆ ಅದೇ. ಅದರ ಮೇಲೆ ಸ್ನೋ ಎನ್ನುವ ಮುಖದ ಕ್ರೀಮು. ಸ್ನೋ ಮೇಲೆ ಪೌಡರು.

"ಇಷ್ಟೆಲ್ಲ ಯಾರು ಕೊಡಿಸಿದ್ದು?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. ತಾಯಿಯೇ ಹೇಳಿದರು. "ನಮ್ಮ ಅಳಿಯಂದ್ರು ಚಂದ್ರಶೇಖರಪ್ಪ ಕಣವ್ವ. ಒಳೆನರಸೀಪುರದಲ್ಲಿ ಫ್ಯಾನ್ಸಿ ಸ್ಟೋರ್ ಮಡಗವ್ರೆ. ದೀಪಾವಳಿ ಆದ್ಮೇಲೆ ವೀಳ್ಯ ಆಯ್ತು. ಅವತ್ತಿಂದ ಯಾರಾದ್ರೂ ಇತ್ತಗೆ ಬಂದ್ರೆ ಏನಾದ್ರೂ ಕಳಿಸ್ತಾನೆ ಇರ್ತಾರೆ. ಬೀಗರ ಮನೆ ಸಾಮಾನು ಬಳಸ್ದೆ ಮಡಗಿದ್ರೆ ಏನಂದ್ಕತಾರೆ? ಅವರ ಕಡೇರು ದಾರೀಲಿ ಕಂಡ್ರೆ ಇವ್ಳ ಮೈ ವಾಸ್ನೇಲೆ ಗೊತ್ತಾಗ್ಬೇಕು."

ಪಾಪ, ಆ ಹುಡುಗ ಪ್ರೀತಿಯಿಂದಲೇ ಕಳಿಸುತ್ತಿದ್ದ. ಇವರೂ ಗೌರವದಿಂದಲೇ ಬಳಸುತ್ತಿದ್ದರು. ಸೆನ್ಸಿಟಿವ್ ಸ್ಕಿನ್ ಇರುವ ಹುಡುಗಿಯ ಮೇಲೆ ಒಂದು ಅಂಗಡಿಯನ್ನೇ ಹಚ್ಚಿದ್ದರು. ಸೋಪು, ಸ್ನೋ, ಪೌಡರ್ ಮೂರನ್ನೂ ನಿಲ್ಲಿಸಿದೆವು. ಅದರ ಬದಲಿಗೆ ಬೆಚ್ಚಗಿನ ನೀರು, ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒರೆಸುವುದು, ಮುಖ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಎರಡು ಹನಿ ಕೊಬ್ಬರಿ ಎಣ್ಣೆ. ಹೊಸ ಸೀರೆಯನ್ನು ಗಂಜಿ ಹೋಗುವ ತನಕ ಒಗೆಯದೆ ಉಡಬಾರದು. ಹೊಸದು ಏನನ್ನೇ ಆಗಲಿ ಮೊದಲು ಮೊಣಕೈ ಒಳಮಡಿಕೆಗೆ ಹಚ್ಚಿ ಕೆಲವು ದಿನ ಕಾಯಬೇಕು, ಆಮೇಲೆ ಮುಖಕ್ಕೆ. ಇವತ್ತಿಗೂ ನಾನು ಹೇಳುವುದು ಇದನ್ನೇ.

ಪರದೆಯ ಹಿಂದೆ ಉಳಿದ ಮೈ ನೋಡಬೇಕಿತ್ತು. ಅವಳ ಪಾದಕ್ಕೆ ಅರಿಶಿನ ದಪ್ಪಗೆ ಮೆತ್ತಿತ್ತು. ಒರೆಸಲು ಹೋದೆ.

"ಕಾಲು ಬ್ಯಾಡಿ ಕಣವ್ವ," ಎಂದು ಗೌರಮ್ಮ ನನ್ನ ಕೈ ಹಿಡಿದರು.

ಪಾರ್ವತಿ ತಾನೇ ಪಾದ ಮುಂದಿಟ್ಟಳು. "ನೋಡ್ಲಿ ಬುಡವ್ವ. ಇವ್ರಿಗೂ ತೋರಿಸ್ದೆ ಇನ್ಯಾರ್ಗೆ ತೋರ್ಸೋದು?"

ಒರೆಸಿದೆ. ಹೆಬ್ಬೆರಳಿನ ಸಂದಿಯಿಂದ ಮೇಲಕ್ಕೆ ಎರಡು ಕವಲಾಗಿ ಬಿಳಿ. ಎರಡೂ ಪಾದದಲ್ಲಿ. ಗೌರಮ್ಮ ಪರದೆ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ, ದನಿ ಇಳಿಸಿದರು. ಅವರ ಕಡೆ ಪದ್ಧತಿಯಲ್ಲಿ ಮದುವೆಯ ದಿನ ಗಂಡಿನ ಅಕ್ಕನೇ ಹೆಣ್ಣಿನ ಕಾಲು ಹಿಡಿದು ಕಾಲುಂಗುರ ಹಾಕಬೇಕು. ಚಂದ್ರಶೇಖರಪ್ಪನಿಗೆ ತಾಯಿ ಇಲ್ಲ. ಅಕ್ಕ ರುದ್ರಮ್ಮನದೇ ಯಜಮಾನಿಕೆ. ಅವಳು ಇದನ್ನು ನೋಡಿದರೆ ತೊನ್ನು ಎನ್ನುತ್ತಾಳೆ. ತುಂಬಿದ ಸಭೆಯಿಂದ ಎದ್ದು ಹೋಗುತ್ತಾಳೆ. ಪಾರ್ವತಿಯ ಬೆನ್ನಿಗೆ ಇನ್ನೊಬ್ಬಳು ತಂಗಿಯೂ ಇದ್ದಾಳೆ.

ಬಿಳಿ ಮಚ್ಚೆ ಎಂದರೆ ಆ ಕಾಲದಲ್ಲಿ ಮೊದಲು ಕುಷ್ಠವಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು; ಕುಷ್ಠದ ಮಚ್ಚೆಗೆ ಮುಟ್ಟಿದ್ದು ತಿಳಿಯುವುದಿಲ್ಲ. ಹುಡುಗಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಪಾದ ಮುಟ್ಟುತ್ತ ಹೋದೆ. ಪ್ರತಿ ಸಲವೂ "ಹೂಂ" ಎಂದಳು. ಬಿಸಿನೀರಿನ ನಳಿಕೆ, ತಣ್ಣೀರಿನ ನಳಿಕೆ ಇಟ್ಟೆ. ಎರಡೂ ಸರಿಯಾಗಿ ಹೇಳಿದಳು. ಕುಷ್ಠವಲ್ಲ. ಹಾಗಾದರೆ ತೊನ್ನೇ? ಡಾಕ್ಟರು ತುಟಿ ಕಚ್ಚಿಕೊಂಡು ಯೋಚಿಸಿದರು. "ಇಷ್ಟು ಅಚ್ಚುಕಟ್ಟಾಗಿ ಎರಡು ಕಾಲಿಗೂ ಒಂದೇ ಥರ ಯಾಕೆ?" ಎಂದು ಇಂಗ್ಲಿಷಿನಲ್ಲಿ ತಮಗೆ ತಾವೇ ಹೇಳಿಕೊಂಡರು. ಅವತ್ತು ಉತ್ತರ ಸಿಗಲಿಲ್ಲ. ಯಾವ ಔಷಧಿಯನ್ನೂ ಹಚ್ಚದೆ ಮತ್ತೆ ಬರಲು ಹೇಳಿದೆವು.

ಮತ್ತೆ ಬಂದಾಗ ಮುಖ ತಿಳಿಯಾಗಿತ್ತು, ಕಾಲು ಕೆಟ್ಟಿತ್ತು. ಗೌರಮ್ಮ ಸುಮ್ಮನಿರಲಾರದೆ ತೊನ್ನಿಗೆ ಒಳ್ಳೆಯದೆಂದು ಯಾರೋ ಹೇಳಿದ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸಿದ್ದರು. ಬೊಬ್ಬೆ ಎದ್ದು ನೀರಾಡುತ್ತಿತ್ತು. ಡಾಕ್ಟರು ಇಂಗ್ಲಿಷಿನಲ್ಲಿ ಬಹಳ ಮೆಲ್ಲಗೆ ಮಾತಾಡಿದರು. ನಾನು ಅದನ್ನು ಕನ್ನಡ ಮಾಡಲಿಲ್ಲ. ಪರ್ಮಾಂಗನೇಟ್ ನೀರಿನ ಬೇಸಿನ್ನಿನಲ್ಲಿ ಅವಳ ಕಾಲು ಇಡಿಸಿದೆ.

ಗೌರಮ್ಮನ ಕಣ್ಣು ನನ್ನ ಉಗುರಿನ ಮೇಲೆ. "ಈ ಬಣ್ಣ ಎಷ್ಟು ದಿನ ಇರ್ತದೆ ಸಿಸ್ಟರಮ್ಮ?"

"ನಾಲ್ಕಾರು ದಿನ."

"ಗಟ್ಟಿಯಾಗಿ ಕಲಸಿ ಮದ್ವೆ ದಿನ ಇವ್ಳ ಕಾಲಿಗೆ ಬಳ್ದುಬುಟ್ರೆ? ಮೈ ಬಣ್ಣಕ್ಕೆ ಸರಿಯಾಗಿ ಕೂತ್ಕತದೆ. ಒಂದ್ ದಿನ ಕಣವ್ವ, ತಾಳಿ ಬಿದ್ಮೇಲೆ ಎಲ್ಲ ಸರಿಹೋಯ್ತದೆ."

"ಚರ್ಮ ಸುಡುತ್ತೆ ಗೌರಮ್ಮ. ಆಮೇಲೆ ತಾಳಿ ಬಿದ್ದ ಮಾರನೇ ದಿನ ಏನು ಮಾಡ್ತೀರಿ?"

"ಮಾರ್ನೆ ದಿನದ್ದು ಮಾರ್ನೆ ದಿನ," ಎಂದರು. ತಮಾಷೆಗೆ ಹೇಳಿದ್ದಲ್ಲ. ಬೇಸಿನ್ನಿನಲ್ಲಿ ಕಾಲಿಟ್ಟು ಕೂತಿದ್ದ ಹುಡುಗಿ ತಾಯಿಯ ಮುಖ ನೋಡಿ, ಆಮೇಲೆ ಗೋಡೆಯ ಕಡೆ ತಿರುಗಿದಳು.

ಉತ್ತರ ಸಿಕ್ಕಿದ್ದು ಅವರು ಹೊರಡುವಾಗ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಜನ ಆಸ್ಪತ್ರೆಯ ಕೋಣೆಗೂ ಚಪ್ಪಲಿ ಹಾಕಿಕೊಂಡು ಬರುತ್ತಿರಲಿಲ್ಲ. ಡಾಕ್ಟರೆಂದರೆ ದೇವರಿಗೆ ಸಮ. ಮೆಟ್ಟಿಲಲ್ಲೇ ಬಿಟ್ಟು ಬರುತ್ತಿದ್ದರು. ಕಣ್ಣು ಬಿಟ್ಟಾಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ನಾವು, ಬಾಗಿಲ ಆಚೆ ಬಿಟ್ಟ ವಸ್ತುವನ್ನು ಕೇಳಿಯೇ ಇರಲಿಲ್ಲ. ಚಪ್ಪಲಿಯ ಹೆಸರೆತ್ತಿ ಮಾತಾಡುವುದು ಮರ್ಯಾದೆಯಲ್ಲವೆಂದು ರೋಗಿಗಳೂ ಹೇಳುತ್ತಿರಲಿಲ್ಲ. ಅವತ್ತು ಪಾರ್ವತಿಯ ಪಾದಕ್ಕೆ ಸುತ್ತಿದ ಬಟ್ಟೆ ಸಡಿಲವಾಗಿದೆಯೇ ನೋಡಲು ನಾನು ಮೆಟ್ಟಿಲ ತನಕ ಹೋದೆ. ಅವಳು ನೀಲಿ ಪಟ್ಟಿಯ ಹೊಸ ರಬ್ಬರ್ ಚಪ್ಪಲಿಗೆ ಕಾಲು ತೂರಿಸಿದಳು. ಪಟ್ಟಿಯ ಕವಲು ಮಚ್ಚೆಯ ಕವಲಿನ ಮೇಲೆ ಕೂತಿತು.

"ಇದೂ ಅಂಗಡಿಯದೇ?" ಎಂದು ಕೇಳಿದೆ.

"ಹೂಂ. ಕಾರ್ತೀಕದಲ್ಲಿ ಕಳ್ಸಿದ್ರು," ಎಂದವಳು, ನನ್ನ ನೋಟ ಹಿಡಿದು ಕೆಳಗೆ ನೋಡಿದಳು. ಆಮೇಲೆ ಅವಳೇ ಕಾಲು ಹೊರಗೆ ತೆಗೆದಳು.

ಡಾಕ್ಟರು ಮೆಟ್ಟಿಲಿಗೆ ಬಂದು, ಚಪ್ಪಲಿಯನ್ನು ಕೈಯಲ್ಲಿ ಎತ್ತಿ ತಿರುವಿ ನೋಡಿದರು. ಗೌರಮ್ಮ ಕೈ ಅಡ್ಡ ಹಿಡಿದರು. "ಅಯ್ಯೋ ಬುಡಿ ಸಾ, ಕೈಲಿ ಮುಟ್ಬಾರ್ದು."

ಅನುಮಾನ ಸಾಲದು, ಟೆಸ್ಟ್ ಮಾಡಬೇಕು. ಪಟ್ಟಿಯ ಒಳಮೈಯಿಂದ ಉಗುರಿನಷ್ಟು ರಬ್ಬರ್ ಕತ್ತರಿಸಿ ಬೆನ್ನಿಗೆ ಅಂಟಿಸಬೇಕೆಂದು ಡಾಕ್ಟರು ಹೇಳಿದಾಗ ಗೌರಮ್ಮ ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಬೀಗರು ಕೊಟ್ಟದ್ದನ್ನು ಕತ್ತರಿಸುವುದು ಸಂಬಂಧವನ್ನೇ ಕತ್ತರಿಸಿದ ಹಾಗೆ ಎಂದು ಅವರ ಭಯ.

"ಕುಯ್ರಿ ಸಿಸ್ಟರ್," ಎಂದಳು ಪಾರ್ವತಿ. "ಅವ್ವ, ತೊನ್ನಾದ್ರೆ ತೊನ್ನು, ಅಲ್ದಿದ್ರೆ ಅಲ್ಲ. ಯಾವ್ದು ಅಂತ ನಂಗೆ ಗೊತ್ತಾಗ್ಬೇಕು."

ಕತ್ತರಿಸಿ, ಬೆನ್ನಿಗೆ ಇಟ್ಟು, ಮೇಲೆ ಪ್ಲಾಸ್ಟರ್ ಹಾಕಿದೆ. ಪಕ್ಕದಲ್ಲೇ ಹೋಲಿಕೆಗೆ ಬರೀ ಪ್ಲಾಸ್ಟರಿನ ತುಂಡು. ನೀರು ತಾಗಬಾರದು. ಗೌರಮ್ಮನ ತವರು ಶಾಂತಿಗ್ರಾಮ. ಶನಿವಾರ ಚನ್ನರಾಯಪಟ್ಟಣಕ್ಕೆ ಹೋಗುವಾಗ ನಮ್ಮ ವ್ಯಾನು ಅದೇ ದಾರಿ. ಅಷ್ಟರ ತನಕ ಅಲ್ಲಿರಿ ಎಂದೆವು.

ಶನಿವಾರ ಹೋದಾಗ ಗೌರಮ್ಮನ ತಾಯಿ, ಹಣ್ಣು ಹಣ್ಣು ಮುದುಕಿ, ಬಾಗಿಲಲ್ಲೇ ನನ್ನನ್ನು ತಡೆದರು. "ನೀನೇನವ್ವ ಆ ದಾಕ್ಟ್ರಮ್ಮ? ಮೊಮ್ಮಗ್ಳು ಬಂದವ್ಳೆ, ತಲೆಗೆ ಎಣ್ಣೆ ಮಡಗಿ ಒಂದ್ ಅಂಡೆ ನೀರು ಉಯ್ಯನ ಅಂದ್ರೆ ಬೆನ್ನೇ ತೋರ್ಸಾಕಿಲ್ಲ ಅಂತಾಳೆ. ನಿಮ್ಮ ಆಸ್ಪತ್ರೇಲಿ ಮೈ ತೊಳೀಬ್ಯಾಡಿ ಅಂತ ಏಳ್ಕೊಡ್ತೀರಾ?"

ನಾನು ಕಾನ್ವೆಂಟಿನ ನನ್‌ಗಳನ್ನು ನೆನೆದುಕೊಂಡೆ. ಒಳಕೋಣೆಯಲ್ಲಿ ಪ್ಲಾಸ್ಟರ್ ಬಿಚ್ಚಿದೆ. ಬರೀ ಪ್ಲಾಸ್ಟರ್ ಇದ್ದ ಕಡೆ ಏನೂ ಇಲ್ಲ. ರಬ್ಬರ್ ಇದ್ದ ಕಡೆ ಕೆಂಪಗೆ ಊದಿ, ಸಣ್ಣ ಸಣ್ಣ ಗುಳ್ಳೆ. ಡಾಕ್ಟರು ಬೆರಳಿನಿಂದ ಸವರಿ ನೋಡಿ, "ಇದು ತೊನ್ನಿನ ಕಾಯಿಲೆಯಲ್ಲಮ್ಮ. ರಬ್ಬರಿಗೆ ಸೇರಿಸುವ ಯಾವುದೋ ರಾಸಾಯನಿಕ ನಿನ್ನ ಮೈಗೆ ಆಗಿಬರೋಲ್ಲ. ಅದು ಬಣ್ಣ ಸುಟ್ಟಿದೆ," ಎಂದರು.

"ಬಣ್ಣ ವಾಪಸ್ ಬರ್ತದಾ?"

"ಬರಬಹುದು. ನಿಧಾನ. ಪೂರ್ತಿ ಬರುತ್ತೆ ಅಂತ ನಾನು ಹೇಳಲಾರೆ."

ಹುಡುಗಿ ತಲೆಯಾಡಿಸಿದಳು. ಅಳದೆ ಇದ್ದದ್ದು ನನಗೆ ಆಶ್ಚರ್ಯ. ಅತ್ತವರು ಗೌರಮ್ಮ. ಕಾಯಿಲೆ ಅಲ್ಲ ಎಂದು ಸ್ವಲ್ಪ ಹೊತ್ತು, ಆಮೇಲೆ ಇನ್ನೊಂದು ಕಾರಣಕ್ಕೆ. "ಈಗ ಏನಂತ ಏಳಾದು? ನಿಮ್ಮ ಅಂಗ್ಡಿ ಚಪ್ಲೀಲಿ ನಮ್ಮ ಮಗ್ಳ ಕಾಲು ಕೆಡ್ತು ಅಂತ ಬೀಗ್ರಿಗೆ ಏಳಕ್ಕಾಯ್ತದಾ? ತೊನ್ನು ಮುಚ್ಚಿಕೊಳ್ಳಕ್ಕೆ ನಮ್ಮ ಮೇಲೆ ಆಕ್ತಾವ್ರೆ ಅನ್ನಾಕಿಲ್ವಾ?"

ಪಾರ್ವತಿಯೇ ಹೇಳಿದಳು. "ಕಾಲುಂಗುರದ ದಿನ ನೋಡೋದನ್ನ ಈಗ್ಲೇ ನೋಡ್ಲಿ. ನಾನು ಅವ್ರ ಮುಂದೆ ಕೂತ್ಕಂಡು ತೋರಿಸ್ತೀನಿ. ಬ್ಯಾಡ ಅಂದ್ರೆ ಮನೇಲಿ ಬ್ಯಾಡ ಅನ್ನಲಿ, ಛತ್ರದಲ್ಲಿ ಅಲ್ಲ."

ಮುಂದಿನ ಗುರುವಾರ ಹೊಳೆನರಸೀಪುರದ ಕ್ಲಿನಿಕ್ಕಿಗೆ ರುದ್ರಮ್ಮನನ್ನು ಕರೆಸಿದೆವು. ಹೆಣ್ಣಿನ ಕಡೆಯವರೂ ಬಂದರು. ರುದ್ರಮ್ಮ ಗಟ್ಟಿ ಆಳು, ಎತ್ತರದ ದನಿ. ಹಿಂದೆ ಚಂದ್ರಶೇಖರಪ್ಪ, ಇಸ್ತ್ರಿ ಮಾಡಿದ ಬಿಳಿ ಷರ್ಟು. ಪಾರ್ವತಿ ಬೆಂಚಿನ ಮೇಲೆ ಕೂತು ಎರಡೂ ಕಾಲು ಚಾಚಿದಳು. ಅರಿಶಿನ ಇರಲಿಲ್ಲ.

ರುದ್ರಮ್ಮ ಬಗ್ಗಿ ನೋಡಿದರು, ಮುಟ್ಟಲಿಲ್ಲ. ಡಾಕ್ಟರು ಚಪ್ಪಲಿ ತೋರಿಸಿದರು, ಬೆನ್ನಿನ ಗುರುತಿನ ವಿಷಯ ಹೇಳಿದರು. ಚಂದ್ರಶೇಖರಪ್ಪನ ಮುಖ ಕಪ್ಪಿಟ್ಟಿತು.

"ಈ ಊರಿಗೆಲ್ಲ ಇದೇ ಚಪ್ಲಿ ಮಾರಿದ್ದೀನಿ ಸಾರ್. ನಾನೂ ಹಾಕ್ತೀನಿ. ಯಾರ್ಗೂ ಏನೂ ಆಗಿಲ್ವಲ್ಲ?"

ಡಾಕ್ಟರು ಅಲರ್ಜಿ ಎಂದು ಶುರು ಮಾಡಿದರು. ಅದು ಅವರಿಗೆ ತಲುಪುತ್ತಿಲ್ಲವೆಂದು ನನಗೆ ಕಂಡಿತು. ನಾನು ರುದ್ರಮ್ಮನ ಕಡೆ ತಿರುಗಿ, "ಅಕ್ಕ, ನಿಮ್ಮ ಮನೇಲಿ ಬದನೆಕಾಯಿ ತಿಂದರೆ ನಂಜಾಗೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದೆ.

"ನಂಗೇ ಆಗ್ಬರಲ್ಲ. ತಿಂದ್ರೆ ಮೈಯೆಲ್ಲ ದದ್ದು."

"ಬದನೆಕಾಯಿ ಕೆಟ್ಟದ್ದಾ?"

"ಬದ್ನೆಕಾಯ್ ಯಾಕ್ ಕೆಟ್ಟದ್ದು. ಮನೇರೆಲ್ಲ ತಿಂತಾರೆ."

"ಹಾಗಾದ್ರೆ ನಿಮ್ಮ ರಕ್ತ ಕೆಟ್ಟದ್ದಾ?"

ರುದ್ರಮ್ಮ ನನ್ನನ್ನು ಒಂದು ಕ್ಷಣ ದುರುಗುಟ್ಟಿ ನೋಡಿದರು. ತಮ್ಮನನ್ನು ನೋಡಿದರು. ಆಮೇಲೆ ಬೆಂಚಿನ ಒಂದು ತುದಿಗೆ ಕೂತರು. "ಮಕ್ಕಳಿಗೆ ಬತ್ತದಾ ಸಾ?"

"ಮಚ್ಚೆ ಬರೋಲ್ಲ," ಎಂದರು ಡಾಕ್ಟರು.

"ನೀವು ಏಳೋದು ದಿಟವಾದ್ರೆ, ಚಪ್ಲಿ ಬಿಟ್ಮೇಲೆ ಇದು ಇನ್ನು ಬೆಳೀಬಾರ್ದು ತಾನೆ? ನೋಡನ. ವೈಶಾಖ ಬ್ಯಾಡ. ಬರೋ ಮಾಘಕ್ಕೆ ಮಾತಾಡನ. ಅಲ್ಲೀಗಂಟ ಮುರೀತು ಅಂತ ನಾವೂ ಅನ್ನಲ್ಲ, ಆಯ್ತು ಅಂತ ನೀವೂ ಅನ್ಬ್ಯಾಡಿ."

ಇಷ್ಟು ನ್ಯಾಯವಾದ ಮಾತನ್ನು ನಾನು ದೊಡ್ಡ ದೊಡ್ಡ ಮೆಡಿಕಲ್ ಮೀಟಿಂಗುಗಳಲ್ಲೂ ಕೇಳಿಲ್ಲ. ಆದರೆ ಅವತ್ತು ಗೌರಮ್ಮನಿಗೆ ಅದು ಮುರಿದ ಹಾಗೆಯೇ ಕೇಳಿಸಿತು. ಮುಂದಕ್ಕೆ ಹೋದ ಮದುವೆಯನ್ನು ಊರು ಹೇಗೆ ಆಡಿಕೊಳ್ಳುತ್ತದೆ ಎಂದು ಗೊತ್ತಿದ್ದವರು.

ಆ ವರ್ಷವೆಲ್ಲ ಪಾರ್ವತಿ ತಪ್ಪದೆ ಬಂದಳು. ಬಿಡಿಸಿದ್ದಕ್ಕೆ ಬದಲು ಕೊಡಬೇಕಲ್ಲ. ಅರಕಲಗೂಡಿನಲ್ಲಿ ಚಪ್ಪಲಿ ಹೊಲಿಯುವವರಿಗೆ ಹೇಳಿ, ಒಳಗೆಲ್ಲೂ ರಬ್ಬರ್ ತಾಗದ ಹಾಗೆ ಅಡ್ಡಪಟ್ಟಿಯ ತೊಗಲಿನ ಜೋಡು ಮಾಡಿಸಿದೆವು. ಬಿಳಿ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಹಾಗಾಗಿ ಸೀರೆಯ ನೆರಿಗೆ ಪಾದದ ಮೇಲೆ ಬೀಳುವ ಹಾಗೆ ಉಡಲು ಹೇಳಿದೆ. ರಾತ್ರಿ ಕಾಲು ತೊಳೆದು ಎಣ್ಣೆ. ಅಷ್ಟೇ ಟ್ರೀಟ್‌ಮೆಂಟ್. ಆಗ ತಾನೇ ಸ್ಟೀರಾಯ್ಡ್ ಟ್ಯೂಬುಗಳು ಬರತೊಡಗಿದ್ದವು. ಗೌರಮ್ಮ ಎಲ್ಲಿಂದಲೋ ಸುದ್ದಿ ತಿಳಿದು ಅದನ್ನೇ ಕೊಡಿ ಎಂದರು, ಡಾಕ್ಟರು ಕೊಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಜನ ಆ ಟ್ಯೂಬನ್ನು ಸ್ನೋ ಹಾಗೆ ಮುಖಕ್ಕೆ ಬಳಿದುಕೊಂಡು, ಚರ್ಮ ಕಾಗದದಷ್ಟು ತೆಳ್ಳಗೆ ಮಾಡಿಕೊಂಡು ಬಂದಾಗೆಲ್ಲ ನನಗೆ ಗಾಜಿನ ಹಲಗೆಯ ದಿನಗಳೇ ವಾಸಿಯಿದ್ದವೇನೋ ಅನ್ನಿಸುತ್ತಿತ್ತು. ಅದು ಪೂರ್ತಿ ನಿಜವಲ್ಲ, ಗೊತ್ತು. ಆ ಟ್ಯೂಬು ಎಷ್ಟೋ ಜನರ ಸಂಕಟ ಕಳೆದಿದೆ.

ಮಚ್ಚೆ ಬೆಳೆಯಲಿಲ್ಲ. ಮಳೆಗಾಲದಲ್ಲಿ ಒಂದು ದಿನ ಬಿಳಿಯ ನಡುವೆ, ಒಂದೊಂದು ಕೂದಲಿನ ಬುಡದಲ್ಲಿ, ರಾಗಿ ಕಾಳಿನಷ್ಟು ಕಂದು ಚುಕ್ಕೆ ಕಂಡವು. ಡಾಕ್ಟರನ್ನು ಕೂಗಿದೆ. ಅವರು ಕನ್ನಡಕ ಹಣೆಗೇರಿಸಿ ಪಾದದ ಹತ್ತಿರ ಮುಖ ತಂದು ನೋಡಿದರು. "ವೆಲ್, ವೆಲ್," ಎಂದರು. ಪಾರ್ವತಿ ನನ್ನನ್ನು, "ಏನಂದ್ರು?" ಎಂದು ಕೇಳಿದಳು. "ಬರ್ತಾ ಇದೆ ಅಂದ್ರು," ಎಂದೆ. ಚುಕ್ಕೆಗಳು ಹರಡಿ ಕೂಡಿಕೊಂಡವು. ಪೂರ್ತಿಯಾಗಲಿಲ್ಲ. ಬೆರಳಿನ ಸಂದಿಯ ಹತ್ತಿರ, ಕೂದಲೇ ಇಲ್ಲದ ಕಡೆ, ಬಿಳಿ ಹಾಗೇ ಉಳಿಯಿತು.

ನಡುವೆ ರುದ್ರಮ್ಮ ಎರಡು ಮೂರು ಸಲ ಗುರುವಾರದ ಕ್ಲಿನಿಕ್ಕಿಗೆ ಒಬ್ಬರೇ ಬಂದು, ಮೂಲೆಯಲ್ಲಿ ನಿಂತು, "ಎಂಗದೆ?" ಎಂದು ಕೇಳಿ ಹೋಗುತ್ತಿದ್ದರು. ಚಂದ್ರಶೇಖರಪ್ಪ ಬರುತ್ತಿರಲಿಲ್ಲ. ಅವರ ಅಂಗಡಿಯಲ್ಲಿ ಆ ಚಪ್ಪಲಿ ಇನ್ನೂ ತೂಗುಹಾಕಿತ್ತು. ಮಾರಬೇಡಿ ಎಂದು ನಾವೂ ಹೇಳಿರಲಿಲ್ಲ. ಆದರೆ ಕಡಿತದ ಪಾದದವರು ಯಾರಾದರೂ ನಮ್ಮಲ್ಲಿಗೆ ಬಂದರೆ, "ಫ್ಯಾನ್ಸಿ ಸ್ಟೋರಿನೋರು ಕಳ್ಸಿದ್ರು," ಎನ್ನುತ್ತಿದ್ದರು.

ಮಾಘದಲ್ಲಿ ಮದುವೆಯ ಕರೆ ಬಂತು. ಡಾಕ್ಟರಿಗೆ ಬಿಡುವಿರಲಿಲ್ಲ, ನಾನು ಹೋದೆ. ಛತ್ರ ತುಂಬಿತ್ತು. ಗೌರಮ್ಮ ಬೆಳಗ್ಗಿನಿಂದ ನೀರೂ ಕುಡಿದಿರಲಿಲ್ಲವಂತೆ. ರುದ್ರಮ್ಮನಿಗೆ ಎಲ್ಲವೂ ಗೊತ್ತಿತ್ತು, ನಿಜ. ಆದರೆ ಮನೆಯಲ್ಲಿ ಗೊತ್ತಿರುವುದು ಬೇರೆ, ನೂರು ಕಣ್ಣಿನೆದುರು ಆ ಪಾದ ಹಿಡಿಯುವುದು ಬೇರೆ. ಹಿಡಿಯದೆ ಇ‌ನ್ನೊಬ್ಬರಿಗೆ ಬಿಟ್ಟರೂ ಸಾಕು, ಆ ಹುಡುಗಿಯ ಬಾಳು ಆ ಮನೆಯಲ್ಲಿ ಹೇಗೆ ನಡೆಯುತ್ತದೆಂದು ಎಲ್ಲರಿಗೂ ತಿಳಿದುಹೋಗುತ್ತಿತ್ತು.

ಕಾಲುಂಗುರದ ಹೊತ್ತು ಬಂತು. ರುದ್ರಮ್ಮ ಮಣೆಯ ಮುಂದೆ ಕೂತು, ಪಾರ್ವತಿಯ ಬಲಗಾಲು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಸುತ್ತ ಹೆಂಗಸರು ಬಗ್ಗಿದರು. ಒಬ್ಬ ಮುದುಕಿ ಕೇಳಿಯೇಬಿಟ್ಟಳು. "ಅದೇನ್ ರುದ್ರಿ, ಬೆಳ್ಳಗೆ?"

"ರಬ್ಬರ್ ಆಗ್ಬರಲ್ಲ ಇವ್ಳ ಮೈಗೆ," ಎಂದರು ರುದ್ರಮ್ಮ, ತಲೆಯೆತ್ತದೆ. "ನಂಗೆ ಬದ್ನೆಕಾಯ್ ಆಗ್ಬರಲ್ವಲ್ಲ, ಅಂಗೆ."

ಉಂಗುರ ಕೈಗೆತ್ತಿಕೊಂಡವರು ಬೆರಳಿನ ಹತ್ತಿರ ತಂದು ನಿಲ್ಲಿಸಿದರು. ಗೌರಮ್ಮ ಕಂಬ ಹಿಡಿದುಕೊಂಡರು. ರುದ್ರಮ್ಮ ಕತ್ತು ನೀಡಿ, ಹೆಂಗಸರ ತಲೆಗಳ ಆಚೆ ನನ್ನನ್ನು ಹುಡುಕಿದರು. ಪುರೋಹಿತರ ದನಿಗಿಂತ ಗಟ್ಟಿಯಾಗಿ ಕೇಳಿದರು.

"ಸಿಸ್ಟರಮ್ಮ, ಬೆಳ್ಳಿ ಆಗ್ಬತ್ತದಾ ಇವ್ಳಿಗೆ? ಇಲ್ಲಾಂದ್ರೆ ಈಗ್ಲೇ ಏಳಿ, ಬ್ಯಾರೆ ಮಾಡಿಸ್ತೀನಿ."

"ಕಲಬೆರಕೆ ಇಲ್ಲದಿದ್ದರೆ ಆಗುತ್ತೆ," ಎಂದೆ.

"ನಮ್ಮವ್ವನ ಕಾಲಿಂದು," ಎಂದು ರುದ್ರಮ್ಮ ಉಂಗುರ ಹಾಕಿದರು.